ಓಡಿಸುತ್ತಿದ್ದವರು ಈಗಿಲ್ಲ

ನಮ್ಮ ಮನೆಗೆ ಬಂದವರು ಊಟಕ್ಕೆ ಕೂತಾಗ ಸಾರಿನ ಪಾತ್ರೆಯ ಕೆಳಗೆ ಕಪ್ಪಗಿನ, ಮೆತ್ತಗಿನ ಒಂದು ವಸ್ತುವನ್ನು ನೋಡುತ್ತಾರೆ. ಕೆಲವರು ಅದನ್ನು ಬೆರಳಲ್ಲಿ ಒತ್ತಿ, “ಎಲ್ಲಿ ಸಿಕ್ತು ಇದು? ಮೇಜಿಗೆ ಬಿಸಿ ತಾಗೋದೇ ಇಲ್ವಲ್ಲ” ಎಂದು ಮೆಚ್ಚುತ್ತಾರೆ. ನನ್ನ ಹೆಂಡತಿ ನನ್ನ ಮುಖ ನೋಡುತ್ತಾಳೆ. ನಾನು ಇನ್ನೊಂದು ಸೌಟು ಸಾರು ಹಾಕಿಕೊಳ್ಳುತ್ತೇನೆ.

ಅದು ನನ್ನ ರೇಸಿಂಗ್ ಚಡ್ಡಿಯ ಹಿಂಭಾಗ. ಸೈಕಲ್ ರೇಸಿನವರು ತೊಡುವ ಬಿಗಿಯಾದ ಚಡ್ಡಿಯಲ್ಲಿ, ಸೀಟಿಗೆ ತಾಗುವ ಜಾಗದಲ್ಲಿ ಸ್ಪಂಜಿನ ಮೆತ್ತೆ ಇಟ್ಟು ಹೊಲಿದಿರುತ್ತಾರೆ. ಚಡ್ಡಿ ಕುಗ್ಗಿತೋ ನಾನು ಹಿಗ್ಗಿದೆನೋ, ಒಟ್ಟಿನಲ್ಲಿ ನಮ್ಮಿಬ್ಬರ ಸಂಬಂಧ ಮುರಿದುಬಿದ್ದ ಮೇಲೆ ಅವಳು ಅದನ್ನು ಕತ್ತರಿಸಿ, ಒಗೆದು (ಚೆನ್ನಾಗಿಯೇ ಒಗೆದಿದ್ದಾಳೆ, ನೀವು ಗಾಬರಿಯಾಗಬೇಡಿ), ಅಡುಗೆಮನೆಗೆ ಬಡ್ತಿ ಕೊಟ್ಟಳು. ಅದನ್ನು ತೊಟ್ಟು ನಾನು ಗೆದ್ದದ್ದು ಏನೂ ಇಲ್ಲ. ಆದರೆ ಅದನ್ನು ತೊಟ್ಟಿದ್ದ ಕಾಲದಲ್ಲಿ ನಡೆದ ಒಂದು ಸಂಗತಿಯನ್ನು ನಿಮಗೆ ಹೇಳಲೇಬೇಕು.

ನಾನು ಮೂಡಿಗೆರೆಯಲ್ಲಿ ಹುಡುಗನಾಗಿದ್ದಾಗ ಸೈಕಲ್ ಅಂದರೆ ಬಾಡಿಗೆ ಸೈಕಲ್. ಬಾರಿನ ಕೆಳಗೆ ಒಂದು ಕಾಲು ತೂರಿಸಿ, ಅರ್ಧ ಮೈ ಆ ಕಡೆ ಅರ್ಧ ಮೈ ಈ ಕಡೆ ನೇತುಬಿದ್ದು ತುಳಿಯುತ್ತಿದ್ದೆವು. ಬ್ರೇಕ್ ಹಿಡಿಯುತ್ತಿರಲಿಲ್ಲ, ಇಳಿಜಾರಿನ ಕೊನೆಯಲ್ಲಿದ್ದ ಲಂಟಾನದ ಪೊದೆಯೇ ಬ್ರೇಕು. ಸೈಕಲ್ಲು ಯಾವ ದೇಶದ್ದು, ಎಷ್ಟು ತೂಕ ಎಂದು ಯಾರೂ ಕೇಳಿದವರಿಲ್ಲ. ಮುಂದೆ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಗುಮಾಸ್ತನಾಗಿ ಸೇರಿ, ಕುರ್ಚಿಯಲ್ಲಿ ಕೂತು ಕೂತು ಹೊಟ್ಟೆ ಮುಂದೆ ಬಂದಾಗ ನನ್ನನ್ನು ಮತ್ತೆ ಸೈಕಲ್ ಹತ್ತಿಸಿದವನು ಶಾಲೆಯ ಗೆಳೆಯ ಪೂರ್ಣೇಶ.

ಪೂರ್ಣೇಶನದು ಆಲ್ದೂರಿನ ಹತ್ತಿರ ತೋಟ. ತೊಂಬತ್ತರ ದಶಕದಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದಾಗ ಉಳಿದ ಪ್ಲಾಂಟರುಗಳು ಕಾರು ಕೊಂಡರು; ಇವನು ಕಾರಿನ ಜೊತೆಗೆ ವಿದೇಶದ ರೇಸ್ ಸೈಕಲ್ಲನ್ನೂ ಕೊಂಡ. ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಹೆಬ್ಬೆರಳಿನಷ್ಟು ಸಪೂರ ಟೈರು. ಚಿಕ್ಕಮಗಳೂರಿನ ಹಲ್ಲಿನ ಡಾಕ್ಟರು ಗಂಗಾಧರ್ ಅವರು ಅದನ್ನು ನೋಡಿ ಮನಸೋತು ಪೂರ್ಣೇಶನಿಂದ ಕೊಂಡರು. ಪೂರ್ಣೇಶ ಇನ್ನೊಂದು ತಂದ. ಡಾಕ್ಟರು ತಮ್ಮದನ್ನು ನನಗೆ ಮಾರಿ ಪೂರ್ಣೇಶನ ಎರಡನೆಯದನ್ನು ಕೊಂಡರು. ಹೀಗೆ ನಮ್ಮ ಮೂವರ ಸಂಘ ಹುಟ್ಟಿತು. ಭಾನುವಾರ ಬೆಳಿಗ್ಗೆ ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗಿ, ದಾರಿಯಲ್ಲಿ ಕರಗಿಸಿದ್ದಕ್ಕಿಂತ ಹೆಚ್ಚನ್ನು ಹೋಟೆಲಿನಲ್ಲಿ ತಿಂದು ಬರುತ್ತಿದ್ದೆವು. ಅಪರೂಪಕ್ಕೆ ಎಲ್ಲಾದರೂ ರೇಸಿಗೆ ಹೆಸರು ಕೊಟ್ಟರೆ ನಮ್ಮ ಕಣ್ಣು ಗೆದ್ದವನ ಕಾಲಿನ ಮೇಲೆ ಇರುತ್ತಿರಲಿಲ್ಲ, ಅವನ ಸೈಕಲ್ಲಿನ ಮೇಲೆ ಇರುತ್ತಿತ್ತು. ಅದು ನಮ್ಮ ಕೈಗೆ ಬಂದರೆ ಗೆಲುವೂ ಅದರ ಹಿಂದೆಯೇ ಬರುತ್ತದೆಂದು ಮೂವರೂ ಮನಸಾರೆ ನಂಬಿದ್ದೆವು. ಆದ್ದರಿಂದ ಅಭ್ಯಾಸಕ್ಕಿಂತ ವ್ಯಾಪಾರವೇ ಹೆಚ್ಚಾಯಿತು.

ವ್ಯಾಪಾರದಲ್ಲಿ ಪೂರ್ಣೇಶನಿಗೆ ಎರಡು ಮುಖ. ಕೊಳ್ಳುವಾಗ ಸೈಕಲ್ಲನ್ನು ಹೆಣ ನೋಡಲು ಬಂದವನ ಹಾಗೆ ನೋಡುತ್ತಿದ್ದ. ನಿಟ್ಟುಸಿರು ಬಿಡುತ್ತಿದ್ದ. “ಚೆನ್ನಾಗೇ ಇತ್ತೇನೋ ಒಂದು ಕಾಲದಲ್ಲಿ” ಎನ್ನುತ್ತಿದ್ದ. ಅದೇ ಸೈಕಲ್ಲನ್ನು ಮರುವಾರ ಮಾರುವಾಗ, “ಒಂದು ಮಳೆ ಕಂಡಿಲ್ಲ ಮಾರಾಯ” ಎಂದು ಎದೆ ತಟ್ಟಿ ಹೇಳುತ್ತಿದ್ದ. ವರ್ಷದಲ್ಲಿ ಆರು ತಿಂಗಳು ಆಕಾಶವೇ ಕಾಣದ ನಮ್ಮ ಸೀಮೆಯಲ್ಲಿ ಮಳೆ ಕಾಣದ ಸೈಕಲ್ಲನ್ನು ನಂಬಿ ಕೊಂಡವರು ಇದ್ದರು. ಅವರಲ್ಲಿ ನಾನೂ ಒಬ್ಬ.

ಡಾಕ್ಟರಿಗೆ ತೂಕದ ಹುಚ್ಚು. ಸೈಕಲ್ ಹಗುರವಾದಷ್ಟೂ ವೇಗ ಎಂದು ಎಲ್ಲೋ ಓದಿ, ಹಲ್ಲು ಕೊರೆಯುವ ಯಂತ್ರದಲ್ಲಿ ಬ್ರೇಕಿನ ಹಿಡಿ, ಪೆಡಲಿನ ತೋಳು, ಸೀಟಿನ ಕಂಬಿ ಎಲ್ಲಕ್ಕೂ ತೂತು ಕೊರೆದರು. ಜನರ ಹಲ್ಲಿನ ತೂತು ಮುಚ್ಚಿ ಸಂಪಾದಿಸಿದ್ದನ್ನು ಸೈಕಲ್ಲಿಗೆ ತೂತು ಹಾಕಿ ಕಳೆಯುತ್ತಿದ್ದರು. ತಮ್ಮ ಹೊಟ್ಟೆಯ ತೂಕದ ವಿಷಯ ಯಾರಾದರೂ ಎತ್ತಿದರೆ, “ಅದು ಬೇರೆ ಡಿಪಾರ್ಟ್‌ಮೆಂಟು” ಎನ್ನುತ್ತಿದ್ದರು. ಒಂದು ಭಾನುವಾರ ಆಲ್ದೂರಿನ ಏರಿನಲ್ಲಿ ಸೀಟಿನ ಕಂಬಿ ಕಳಕ್ ಎಂದು ಮುರಿದು, ಸೀಟು ಚರಂಡಿಗೆ ಹಾರಿತು. ಪಾಪ, ನಮ್ಮ ಮುಂದೆ ನೋವು ತೋರಿಸದೆ ಮನೆಯವರೆಗೂ ನಿಂತುಕೊಂಡೇ ತುಳಿದರು.

ಕುದುರೆಮುಖದಲ್ಲಿ ಗಣಿ ನಿಂತ ಮೇಲೆ ಅಲ್ಲಿದ್ದವರು ಮನೆ ಖಾಲಿ ಮಾಡುತ್ತಿದ್ದ ಕಾಲ. ಶೆಣೈ ಎಂಬ ಎಂಜಿನಿಯರೊಬ್ಬರ ಹತ್ತಿರ ಇಟಲಿಯ ರೇಸ್ ಸೈಕಲ್ ಇದೆ, ಮಾರಿ ಹೋಗುತ್ತಾರಂತೆ ಎಂಬ ಸುದ್ದಿ ಪೂರ್ಣೇಶನಿಗೆ ಸಿಕ್ಕಿತು. ಮೂವರೂ ಅವನ ಜೀಪು ಹತ್ತಿದೆವು. ಪೂರ್ಣೇಶನ ಹೆಂಡತಿ ಸುಮಾ ಕೂಡ ಬಂದರು. ಕಳಸದಲ್ಲಿ ಅವರ ಚಿಕ್ಕಮ್ಮನ ಮನೆ. ವಾಪಸು ಬರುವಾಗ ಅಲ್ಲಿ ಊಟ ಎಂದು ಮಾತಾಗಿತ್ತು.

ಕುದುರೆಮುಖ ತಲುಪಿದಾಗ ಸಾಲು ಸಾಲು ಕ್ವಾರ್ಟರ್ಸುಗಳಿಗೆ ಬೀಗ ಬಿದ್ದಿತ್ತು. ಅಲ್ಲೊಂದು ಇಲ್ಲೊಂದು ಮನೆಯ ಮುಂದೆ ಲಾರಿ ನಿಲ್ಲಿಸಿಕೊಂಡು ಮಂಚ, ಬೀರು, ತುಳಸಿ ಕುಂಡ ಏರಿಸುತ್ತಿದ್ದರು. ಶೆಣೈಯವರು ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಗೋಡೆಗೊರಗಿ ಸೈಕಲ್. ಕಡುನೀಲಿ ಬಣ್ಣ, ಒಂದು ಗೀರಿಲ್ಲ.

ಪೂರ್ಣೇಶ ಹೆಣ ನೋಡುವ ಮುಖ ಹಾಕಿಕೊಂಡ. ಡಾಕ್ಟರು ಫ್ರೇಮನ್ನು ಹಲ್ಲು ತಟ್ಟಿದ ಹಾಗೆ ಟಕಟಕ ತಟ್ಟಿದರು.

“ಹಳೇದಾಯ್ತಲ್ಲ ಸಾರ್” ಎಂದ ಪೂರ್ಣೇಶ.

“ನಾನೂ ಹಳಬನೇ ಮಾರಾಯ್ರೆ” ಎಂದರು ಶೆಣೈ. “ಮಾರ್ಲಿಕ್ಕುಂಟು ಹೌದು. ಆದ್ರೆ ಗೋಡೆಗೆ ತೂಗಿ ಹಾಕುವವರಿಗೆ ಕೊಡ್ಲಿಕ್ಕಿಲ್ಲ. ಅಲ್ಲಿ ಏರಿನ ತುದಿ ಕಾಣ್ತದಲ್ಲ, ಅಲ್ಲಿವರೆಗೆ ಹೋಗಿ ಬನ್ನಿ. ಮತ್ತೆ ಮಾತಾಡುವ.”

ಇಂಥ ಪರೀಕ್ಷೆಯನ್ನು ನಾವು ಕನಸಿನಲ್ಲೂ ಎಣಿಸಿರಲಿಲ್ಲ. ಪೂರ್ಣೇಶ ಮೊದಲು ಹೋದ. ಪೆಡಲಿನ ಪಟ್ಟಿಯೊಳಗೆ ಬೂಟು ಬಿಗಿದು ಜೋರಾಗಿಯೇ ಹೊರಟವನು ಏರಿನ ಬುಡದಲ್ಲೇ ನಿಂತ. ನಿಂತಮೇಲೆ ಕಾಲು ಬಿಡಿಸಿಕೊಳ್ಳಲು ಆಗದೆ, ತೋಟದಲ್ಲಿ ಕಡಿದ ಸಿಲ್ವರ್ ಓಕ್ ಮರದ ಹಾಗೆ ನಿಧಾನವಾಗಿ ಪಕ್ಕಕ್ಕೆ ಒರಗಿದ. ಆಮೇಲೆ ಡಾಕ್ಟರು. ಮೊದಲ ತಿರುವಿನಲ್ಲಿ ಪೊದೆಯ ಹಿಂದೆ ಮರೆಯಾಗಿ, ಸ್ವಲ್ಪ ಹೊತ್ತು ಬಿಟ್ಟು ಬಾಣದಂತೆ ಇಳಿದು ಬಂದು, “ಮೇಲೆ ಗಾಳಿ ಏನು ಚೆನ್ನಾಗಿದೆ!” ಎಂದರು. “ಪೊದೆಯ ಹತ್ತಿರವಾ?” ಎಂದರು ಶೆಣೈ. ಜಗಲಿಯಿಂದ ಇಡೀ ರಸ್ತೆ ಕಾಣುತ್ತಿತ್ತು. ನಾನು ಅರ್ಧ ದಾರಿಯಲ್ಲಿ ಉಸಿರು ಸಿಗದೆ ಇಳಿದು, ಲಾರಿಗೆ ಬೀರು ಏರಿಸುತ್ತಿದ್ದವರ ಹತ್ತಿರ ಬಹಳ ಆಸಕ್ತಿಯಿಂದ ಬೀರಿನ ವಿಷಯ ಮಾತಾಡಿ ಬಂದೆ.

“ನಾನೊಂದ್ಸಲ ಹೋಗಲಾ?” ಎಂದರು ಸುಮಾ.

“ಇದು ಲೇಡೀಸ್ ಸೈಕಲ್ ಅಲ್ಲ ಮಾರಾಯ್ತಿ” ಎಂದ ಪೂರ್ಣೇಶ, ಮೊಣಕೈಗೆ ಅಂಟಿದ ಮಣ್ಣು ಒರೆಸಿಕೊಳ್ಳುತ್ತ.

ಸುಮಾ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ಸೈಕಲ್ ಹತ್ತಿದರು. ಮೊದಲ ತಿರುವು ದಾಟಿದರು. ಬೀರಿನ ಲಾರಿ ದಾಟಿದರು. ಏರಿನ ತುದಿಯಲ್ಲಿ ತಿರುಗುತ್ತಾರೆಂದು ನೋಡಿದರೆ ತಿರುಗಲಿಲ್ಲ, ಆ ಕಡೆ ಇಳಿದೇ ಹೋದರು. ಪೂರ್ಣೇಶ ಜೀಪಿನ ಕೀ ಹುಡುಕುವುದಕ್ಕೂ ಅವರು ಮತ್ತೆ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಮುಖವೆಲ್ಲ ಕೆಂಪು, ಬೆನ್ನಿಗೆಲ್ಲ ಕೆಸರು, ಬಾಯಿ ತುಂಬ ನಗು.

“ಮುಂದಿನ ಗೇರು ಸ್ವಲ್ಪ ಗಟ್ಟಿ ಇದೆ ಸಾರ್. ಎಣ್ಣೆ ಬಿಟ್ರೆ ಸರಿಯಾಗುತ್ತೆ” ಎಂದರು ಶೆಣೈಯವರಿಗೆ.

“ಎಲ್ಲಿ ಕಲ್ತದ್ದು ನೀವು?”

“ಕಾಲೇಜಲ್ಲಿ. ಯೂನಿವರ್ಸಿಟಿ ಟೀಮಲ್ಲಿದ್ದೆ.”

ನಾವು ಮೂವರೂ ಪೂರ್ಣೇಶನನ್ನು ನೋಡಿದೆವು, ಅಂದರೆ ಪೂರ್ಣೇಶನೂ ಸೇರಿ ಎಲ್ಲರೂ ಎಲ್ಲರನ್ನೂ ನೋಡಿದೆವು. ಹೆಣ್ಣು ನೋಡಲು ಹೋದಾಗ ಅವರ ಮನೆಯ ಶೋಕೇಸಿನಲ್ಲಿ ಬೆಳ್ಳಿ ಬಣ್ಣದ ಬಹುಮಾನದ ಕಪ್ಪುಗಳನ್ನು ಅವನು ನೋಡಿದ್ದನಂತೆ. ಅವು ಭಾವಮೈದುನನವು ಎಂದುಕೊಂಡು, ಕಾಫಿ ಕುಡಿಯುತ್ತ ಅವನನ್ನು ಹೊಗಳಿಯೂ ಬಂದಿದ್ದನಂತೆ. ಭಾವಮೈದುನ ಒಳ್ಳೆಯವನು, ಸುಮ್ಮನೆ ನಕ್ಕಿದ್ದ. ಹುಡುಗಿ ಸೈಕಲ್ ರೇಸಿನವಳು ಎಂದು ಹೇಳಿದರೆ ಸಂಬಂಧ ತಪ್ಪೀತೆಂದು ಮನೆಯವರೂ ಬಾಯಿ ಬಿಟ್ಟಿರಲಿಲ್ಲ. ಆಮೇಲೆ ಇಷ್ಟು ವರ್ಷ ಇವನೂ ಕೇಳಿರಲಿಲ್ಲ. ಮನೆಯಲ್ಲಿ ಒಬ್ಬ ಸೈಕಲಿಸ್ಟ್ ಇದ್ದ ಮೇಲೆ ಇನ್ನೊಬ್ಬರ ವಿಷಯ ಕೇಳುವ ಅಗತ್ಯ ಅವನಿಗೆ ಕಂಡಿರಲಿಲ್ಲ.

“ನಿಮಗೆ ಕೊಡ್ತೇನೆ ಅಮ್ಮ” ಎಂದರು ಶೆಣೈ. “ಇವರಿಗಲ್ಲ, ನಿಮಗೆ.” ತಮ್ಮ ಪಾಲಿನ ಕಾಳುಮೆಣಸು ಮಾರಿ ಕೂಡಿಟ್ಟಿದ್ದ ಹಣದಲ್ಲಿ ಸುಮಾ ಅದನ್ನು ಕೊಂಡರು. ಕಳಸದಲ್ಲಿ ಚಿಕ್ಕಮ್ಮ ಕಡುಬು ಬಡಿಸಿದಾಗ ತಲೆಯೆತ್ತಿ ತಿಂದವರು ಅವರೊಬ್ಬರೇ.

ಅಲ್ಲಿಂದ ದಿನಾ ಬೆಳಿಗ್ಗೆ ಸುಮಾ ತೋಟದಿಂದ ಆಲ್ದೂರು ದಾಟಿ ಹೋಗಿ ಬರತೊಡಗಿದರು. ಕೆಲಸಕ್ಕೆ ಬರುವ ಹೆಂಗಸರು ಮೊದಲ ವಾರ ನಿಂತು ನೋಡಿದರು, ಎರಡನೇ ವಾರ ಕೈ ಬೀಸಿದರು. ಪೂರ್ಣೇಶನ ತಾಯಿ ಏನನ್ನುತ್ತಾರೋ ಎಂದು ನಮಗೆಲ್ಲ ಕುತೂಹಲ. ಅವರು, “ಹೆಂಗೂ ಆಲ್ದೂರಿಗೆ ಹೋಗ್ತೀಯ, ಬರೀ ಕೈಲಿ ಎಂತಕ್ಕೆ ಬರ್ತೀಯೆ? ವೀಳ್ಯದೆಲೆ ತಗಂಬಾ” ಎಂದರಂತೆ, ಅಷ್ಟೆ. ಕಷ್ಟವಾದದ್ದು ಪೂರ್ಣೇಶನಿಗೆ. ಭಾನುವಾರ ನಾವು ಏದುಸಿರು ಬಿಡುತ್ತ ಆಲ್ದೂರು ಮುಟ್ಟಿದರೆ ಹೋಟೆಲಿನವರು, “ಎಂಥ ಗೌಡ್ರೇ, ಅಮ್ಮಾವ್ರು ಆಗಲೇ ಬಾಳೆಹೊನ್ನೂರಿನ ಕಡೆಗೆ ಹೋದ್ರಲ್ಲ, ನೀವು ಈಗ ಬಂದ್ರಾ?” ಎನ್ನುತ್ತಿದ್ದರು. ಒಂದು ಭಾನುವಾರ ಸಹಿಸಿದ. ಎರಡು ಭಾನುವಾರ ಸಹಿಸಿದ. ಆಮೇಲೆ ಅವನಿಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದ. ಮಾರಿಬಿಟ್ಟ.

ಕಳಸದ ಚಿಕ್ಕಮ್ಮ ಬಿದ್ದು ಕಾಲು ಮುರಿದುಕೊಂಡರೆಂದು ಸುಮಾ ನೋಡಿಕೊಳ್ಳಲು ಹೋಗಿದ್ದಾಗ ಇದು ನಡೆಯಿತು. ಕೊಳ್ಳಲು ಬಂದವರು ಬೆಂಗಳೂರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಮೂರ್ತಿಯವರು, ವಾರಕ್ಕೊಮ್ಮೆ ರೇಸ್ ಸೈಕಲ್ ಓಡಿಸುವ ನಮ್ಮಂಥವರೇ. ಆ ಹೊತ್ತು ಅಲ್ಲಿದ್ದ ಡಾಕ್ಟರು ಆಮೇಲೆ ನನಗೆ ಹೇಳಿದ್ದು ಇದು:

“ಲೇಡೀಸ್ ಓಡಿಸಿದ್ದು ಸಾರ್, ಒಂದು ಮಳೆ ಕಂಡಿಲ್ಲ” ಎಂದ ಪೂರ್ಣೇಶ.

“ಹೌದಾ? ಯಾರು ಓಡಿಸ್ತಿದ್ದಿದ್ದು?”

“ನನ್ನ ಮನೆಯವಳು. ಸುಮಾ ಅಂತ.”

“ಮತ್ತೆ ಅವ್ರಿಗೆ ಬೇಡ್ವಾ?”

ಪೂರ್ಣೇಶ ಬೇಕು ಎನ್ನುವಂತಿಲ್ಲ, ಬೇಡ ಎನ್ನುವಂತಿಲ್ಲ. ಗೋಡೆ ನೋಡಿದ. ನೆಲ ನೋಡಿದ. “ಓಡಿಸ್ತಿದ್ದವರು ಈಗಿಲ್ಲ ಸಾರ್” ಎಂದ.

ಮೂರ್ತಿಯವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಪೂರ್ಣೇಶನ ಹೆಗಲ ಮೇಲೆ ಕೈಯಿಟ್ಟರು. ಅಂಥ ಸೈಕಲ್ಲಿಗೆ ಚೌಕಾಸಿ ಮಾಡುವುದು ಹೇಗೆ? ಕೇಳಿದಷ್ಟು ಕೊಟ್ಟರು. ಕಾಫಿ ತಂದ ಪೂರ್ಣೇಶನ ತಾಯಿಗೆ, “ಧೈರ್ಯ ತಂದ್ಕೊಳ್ಳಿ ಅಮ್ಮ” ಎಂದರು. ಕಾಫಿಯ ಬೆಲೆ ಇಳಿದದ್ದನ್ನು ಹೇಳುತ್ತಿದ್ದಾರೆಂದು ತಿಳಿದ ಅವರು, “ಎಂಥ ಮಾಡದು, ಒಬ್ರ ಮನೇದಾ? ಎಲ್ಲರ ಮನೇಲೂ ಇದ್ದಿದ್ದೇ. ಮುಂದಿನ ವರ್ಷ ಚೆನ್ನಾಗಿರದು ಬಂದಾತು” ಎಂದರು. ಮೂರ್ತಿಯವರು ಬೆಚ್ಚಿಬಿದ್ದು, ಹೆಚ್ಚು ಮಾತಾಡದೆ ಸೈಕಲ್ ಕಾರಿನ ಮೇಲೆ ಕಟ್ಟಿಕೊಂಡು ಹೋದರು.

“ಮನೇಲಿಲ್ಲ, ಕಳಸಕ್ಕೆ ಹೋಗಿದಾಳೆ ಅಂತ್ಲೇ ಹೇಳೋಕೆ ಹೊರಟಿದ್ದೆ ಮಾರಾಯ” ಎಂದು ಪೂರ್ಣೇಶ ನನ್ನ ಹತ್ತಿರ ಆಣೆ ಮಾಡಿದ. “ಅಷ್ಟರಲ್ಲಿ ಅವ್ರು ಅಳೋಕೆ ಶುರು ಮಾಡಿದ್ರು. ಅಳೋರನ್ನ ತಡೆಯೋಕೆ ಆಗುತ್ತಾ?”

ಸುಮಾ ವಾಪಸು ಬಂದಾಗ, ಗೇರು ರಿಪೇರಿಗೆ ಬೆಂಗಳೂರಿಗೆ ಕಳಿಸಿದ್ದೇನೆ ಎಂದಿದ್ದ. ಒಂದು ಮಧ್ಯಾಹ್ನ ಫೋನ್ ಬಂತು. ಸುಮಾ ಎತ್ತಿದರು.

“ಪೂರ್ಣೇಶ್ ಅವ್ರು ಇದಾರಾ? ನಾನು ಮೂರ್ತಿ. ಅವರ ಹತ್ರ ಸೈಕಲ್ ತಗೊಂಡೆ. ಅದರ ಟ್ಯೂಬ್ ಎಲ್ಲಿ ಸಿಗುತ್ತೆ ಅಂತ ಕೇಳ್ಬೇಕಿತ್ತು.”

“ಯಾವ ಸೈಕಲ್?”

“ನೀಲಿದು. ಪಾಪ, ಅವರ ಮಿಸೆಸ್ ಸುಮಾ ಅವ್ರು ಓಡಿಸ್ತಿದ್ರಲ್ಲ, ಅದು. ನೀವು ಅವರ ತಂಗಿನಾ?”

“ನಾನು ಪೂರ್ಣೇಶ್ ಅವರ ಹೆಂಡತಿ.”

ತೀರ ಮೆಲ್ಲಗೆ, “ಓ... ಎರಡನೆಯವ್ರಾ? ಇಷ್ಟು ಬೇಗ?” ಎಂದಿತು ಫೋನು.

ಸಂಜೆ ಪೂರ್ಣೇಶ ತೋಟದಿಂದ ಬಂದು ಬೂಟು ಬಿಚ್ಚುತ್ತಿದ್ದಾಗ ಸುಮಾ ಎದುರಿಗೆ ಬಂದು ನಿಂತರು.

“ನಾನು ಯಾವಾಗ ಹೋದೆ?”

“ಎಲ್ಲಿಗೆ?”

“ಮೇಲಕ್ಕೆ.”

ಪೂರ್ಣೇಶನ ಒಂದು ಕಾಲಲ್ಲಿ ಬೂಟು ಹಾಗೇ ಉಳಿಯಿತು. ಅಳೋರನ್ನ ತಡೆಯೋಕೆ ಆಗಲಿಲ್ಲ ಎಂಬ ಕತೆಯನ್ನು ಅವನು ಹೇಳಿದ. ಸುಮಾ ಪೂರ್ತಿ ಕೇಳಿಸಿಕೊಂಡರು. “ಕೋಪಕ್ಕೆ ಮಾರಿದ್ರೆ ಕೋಪ ಅಂತ ತಿಳ್ಕೊಂಡು ಸುಮ್ನಿರ್ತಿದ್ದೆ” ಎಂದರಂತೆ. “ಒಂದು ಸೈಕಲ್ ಮಾರೋಕೆ ನನ್ನನ್ನ ಸಾಯಿಸಿದ್ರಲ್ಲ. ಆ ದುಡ್ಡೆಲ್ಲಿ?” ದುಡ್ಡು ಆಗಲೇ ಇನ್ನೊಂದು ಸೈಕಲ್ ಆಗಿತ್ತು.

ಅದರ ಮುಂದಿನ ಭಾನುವಾರ ನನಗೂ ಡಾಕ್ಟರಿಗೂ ಸುಮಾ ಅವರಿಂದಲೇ ಫೋನ್. “ಇವರ ಸೈಕಲ್ಲುಗಳನ್ನ ಕೊಡ್ತಿದೀನಿ, ಬೇಕಾದ್ರೆ ಬನ್ನಿ.” ಒಲೆಯ ಮೇಲೆ ಹಾಲಿಟ್ಟಿದ್ದರೂ ನಾವು ಹಾಗೇ ಓಡುತ್ತಿದ್ದೆವು. ಕಾಫಿ ಮೂಟೆ ಇಡುವ ಗೋಡೌನಿನ ಮುಂದೆ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಪೂರ್ಣೇಶನೂ ನಿಂತಿದ್ದ, ಅವನೂ ಮಾರಾಟಕ್ಕೆ ಇದ್ದ ಹಾಗೆ.

“ಕೆಂಪು ಬಣ್ಣದ್ದು ಚೆನ್ನಾಗಿದೆಯಲ್ಲ” ಎಂದರು ಡಾಕ್ಟರು, ಆಸೆ ಅದುಮಿಕೊಂಡು.

“ಚೆನ್ನಾಗಿಲ್ಲ” ಎಂದರು ಸುಮಾ. “ಇಲ್ಲಿ ನೋಡಿ, ಫ್ರೇಮು ಬಿರುಕು ಬಿಟ್ಟಿದೆ. ಮೇಲೆ ಬಣ್ಣ ಹಚ್ಚಿದಾರೆ. ನಿಮಗೇ ಅಂತ ಇಟ್ಟಿದ್ರು ಡಾಕ್ಟ್ರೇ.”

ಡಾಕ್ಟರು ಪೂರ್ಣೇಶನ ಕಡೆ ತಿರುಗಿದರು. ಪೂರ್ಣೇಶ ಸಿಲ್ವರ್ ಮರಗಳ ತುದಿ ನೋಡುತ್ತಿದ್ದ.

“ಇದು ನೀವು ಇವರಿಗೆ ಮಾರಿದ್ದು” ಎಂದು ಸುಮಾ ಮುಂದಿನದನ್ನು ತೋರಿಸಿದರು. “ನೀವು ಕೊರೆದ ತೂತುಗಳಿಗೆಲ್ಲ ಹಲ್ಲಿನ ಸಿಮೆಂಟು ತುಂಬಿ, ಮೇಲೆ ಸ್ಟಿಕ್ಕರ್ ಅಂಟಿಸಿದೀರಿ. ಅಲ್ವಾ?”

ಈಗ ಪೂರ್ಣೇಶ ಡಾಕ್ಟರ ಕಡೆ ತಿರುಗಿದ. ನಾನು ಇದನ್ನೆಲ್ಲ ಬಹಳ ಸಂತೋಷದಿಂದ ನೋಡುತ್ತಿದ್ದೆ.

“ರಾಜಣ್ಣ, ನಿಮ್ಮದು ಯಾವಾಗ್ಲೂ ಎಡಕ್ಕೆ ಎಳೆಯುತ್ತೆ ಅಂತಿದ್ರಲ್ಲ? ಅದು ಮೋರಿಗೆ ಬಿದ್ದು ಸೊಟ್ಟಗಾಗಿದ್ದನ್ನ ಬಡಿಸಿ ನೆಟ್ಟಗೆ ಮಾಡಿ ಇವ್ರು ನಿಮಗೆ ಕೊಟ್ಟಿದ್ದು” ಎಂದು ಸುಮಾ ನನ್ನ ಕಡೆ ತಿರುಗಿದರು.

ಆ ಸೈಕಲ್ ಎಡಕ್ಕೆ ಎಳೆಯುವುದು ನನ್ನ ಬಲಗಾಲಿನ ಅಪಾರ ಶಕ್ತಿಯಿಂದ ಎಂದು ನಾನು ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ಇಷ್ಟು ನಿಜವನ್ನು ನಮ್ಮ ಸಂಘ ಹುಟ್ಟಿದಂದಿನಿಂದ ಯಾರೂ ಒಟ್ಟಿಗೆ ಕೇಳಿರಲಿಲ್ಲ. ಮುಖ ಮುಖ ನೋಡಿಕೊಂಡು ಸುಮಾ ಹೇಳಿದ ಬೆಲೆಗೆ ಕೊಂಡೆವು. ಕೊಳ್ಳದೆ ಹೊರಡುವಷ್ಟು ಮರ್ಯಾದೆ ಯಾರಲ್ಲೂ ಉಳಿದಿರಲಿಲ್ಲ. ಮುಂದಿನ ಭಾನುವಾರಗಳಲ್ಲಿ ಡಾಕ್ಟರಿಗೆ ಏನೋ ಕೆಲಸ ಬರತೊಡಗಿತು, ನನಗೂ ಬಂತು. ಒಬ್ಬರು ಇನ್ನೊಬ್ಬರಿಗೆ ಏನೂ ಮಾರಲು ಆಗದಿದ್ದ ಮೇಲೆ ಸುಮ್ಮನೆ ಸೈಕಲ್ ತುಳಿಯುವುದು ಯಾರಿಗೆ ಬೇಕಿತ್ತು?

ನಾವು ಕೊಟ್ಟ ಹಣ ಹಿಡಿದು ಸುಮಾ ಬೆಳಗಿನ ಬಸ್ಸಿಗೆ ಒಬ್ಬರೇ ಬೆಂಗಳೂರಿಗೆ ಹೋದರು. ಮೂರ್ತಿಯವರ ಮನೆಯಲ್ಲಿ ಅವರನ್ನು ಕೂರಿಸಿ ಊಟ ಹಾಕಿದರಂತೆ. ಮನೆಯಾಕೆ ಬಡಿಸುವಾಗೆಲ್ಲ ಅವರ ಕೈ ಮುಟ್ಟಿ ಮುಟ್ಟಿ ನೋಡುತ್ತಿದ್ದರಂತೆ. ಸೈಕಲ್ಲಿನ ಹ್ಯಾಂಡಲಿಗೆ ಕುಂಕುಮವಿತ್ತು. ತೀರಿಕೊಂಡವರದ್ದೆಂದು ದಿನಾ ಊದುಬತ್ತಿ ಹಚ್ಚುತ್ತಿದ್ದರು. ಮೂರ್ತಿಯವರು ಹಣ ವಾಪಸು ಪಡೆದು, ಬಸ್ಸಿನವರೆಗೆ ಬಂದು, ತಾವೇ ಹಗ್ಗ ಕಟ್ಟಿ ಸೈಕಲ್ಲನ್ನು ಬಸ್ಸಿನ ಮೇಲೆ ಏರಿಸಿ ಕಳಿಸಿದರು.

ಅವರು ಬರುವ ದಿನ ಪೂರ್ಣೇಶ ನನ್ನನ್ನು ಆಫೀಸಿನಿಂದ ಎಬ್ಬಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋದ. ಒಬ್ಬನೇ ಹೋಗಲು ಧೈರ್ಯವಿರಲಿಲ್ಲ. ಬಸ್ಸಿನ ಮೇಲಿಂದ ಸೈಕಲ್ ಇಳಿಯಿತು. ಪೂರ್ಣೇಶ ಅದನ್ನು ಜೀಪಿಗೆ ಏರಿಸಲು ಕೈ ಚಾಚಿದ.

“ನೀವು ಜೀಪಲ್ಲಿ ಬನ್ನಿ” ಎಂದು ಸುಮಾ ವೇಲು ಬಿಗಿದು ಕಟ್ಟಿಕೊಂಡರು.

ಇನ್ನೂ ಬಿಸಿಲಿತ್ತು. ಅವರು ಮುಂದೆ, ನಾವು ಹಿಂದೆ. ಜೀಪು ಮುಂದೆ ಹೋಗಬಹುದಿತ್ತು, ಪೂರ್ಣೇಶ ಹೋಗಲಿಲ್ಲ. ನಾವು ಪ್ರತಿ ಭಾನುವಾರ ಇಳಿದು ತಳ್ಳುತ್ತಿದ್ದ ಏರು ಬಂತು. ಸುಮಾ ಸೀಟಿನಿಂದ ಏಳಲೂ ಇಲ್ಲ.

“ಗೇರು ಯಾವಾಗ ಹಾಕಿದ್ಲು, ಗೊತ್ತಾಯ್ತಾ?” ಎಂದ ಪೂರ್ಣೇಶ.

“ಇಲ್ಲ.”

“ನಂಗೂ ಗೊತ್ತಾಗ್ಲಿಲ್ಲ.” ಜೀಪಿನ ಗೇರು ಬದಲಿಸುತ್ತ, “ನಂಗೆ ಏನೂ ಗೊತ್ತಿರ್ಲಿಲ್ಲ ಮಾರಾಯ” ಎಂದ. ಆ ದನಿಯಲ್ಲಿ ಅವನು ಮಾತಾಡಿದ್ದನ್ನು ಶಾಲೆಯಿಂದ ಈಚೆಗೆ ನಾನು ಕೇಳಿರಲಿಲ್ಲ.

ಆಲ್ದೂರಿನಲ್ಲಿ ಎದುರಿಗೆ ಲಾರಿ ಬಂದು ಜೀಪು ನಿಂತಿತು. ಅಷ್ಟರಲ್ಲಿ ಸುಮಾ ಸಂದಿಯಲ್ಲಿ ನುಸುಳಿ ಮುಂದೆ ಹೋಗಿಬಿಟ್ಟಿದ್ದರು. ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರು ಅಂಗಡಿಯ ಕಟ್ಟೆಯಿಂದ ಇಳಿದು ಬಂದು ಜೀಪಿನೊಳಗೆ ತಲೆ ಹಾಕಿದ.

“ಗೌಡ್ರೇ, ಈಗ ಹೋಯ್ತಲ್ಲ ನೀಲಿ ಸೈಕಲ್ಲು, ಅದನ್ನ ಕೊಡೋದಾ? ನಮ್ಮ ಧಣಿ ಕೇಳ್ತಿದ್ರು.”

ಪೂರ್ಣೇಶನ ಕಣ್ಣು ಒಮ್ಮೆ ಮಿನುಗಿತು. ಬಾಯಿ ತೆರೆಯಿತು. ಅದು ಹೇಗೆ ತೆರೆಯುತ್ತದೆಂದು ನನಗೆ ಗೊತ್ತು, ನಾನು ಸೀಟು ಹಿಡಿದು ಕೂತೆ. ಅವನು ಬಾಯಿ ಮುಚ್ಚಿದ. ಎಂಜಲು ನುಂಗಿದ.

“ಅದು ನಂದಲ್ಲ ಮಾರಾಯ” ಎಂದ. “ನನ್ನ ಹೆಂಡ್ತಿದು. ಮುಂದೆ ಹೋಗ್ತಿದಾಳೆ ನೋಡು. ಹಿಡಿಯೋಕಾದ್ರೆ ಕೇಳು.”